ಮಳೆ ಬಂದರೆ ಕಾರಿನೊಳಗೆ ಎಡಗಡೆ ಕಾಲಡಿ ನೀರು. ಎಲ್ಲಿಂದ ಬರುತ್ತಿದೆ ಅಂತ ಹಿಡಿಯೋದು ಹೇಗೆ?

ಕೊಪ್ಪದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು. ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಮೇ ತಿಂಗಳು ಮುಗಿಯುವ ತನಕ ಒಂದು ತಕರಾರೂ ಇರಲಿಲ್ಲ. ಆರಿದ್ರಾ ಮಳೆ ಹಿಡಿದಿದ್ದೇ ತಡ, ಶುರುವಾಯಿತು.

ಮುಂದೆ ಎಡಗಡೆ ಕೂರುವವರ ಕಾಲಡಿ ಮ್ಯಾಟ್ ಎತ್ತಿದರೆ ನೀರು. ಕಾರ್ಪೆಟ್ ಒತ್ತಿದರೆ ಬೆರಳಿನ ಸಂದಿಯಿಂದ ಮೇಲೆ ಬರುತ್ತದೆ. ಬೆಳಿಗ್ಗೆ ಶಾಲೆಗೆ ಹೊರಟರೆ ಗ್ಲಾಸಿಗೆಲ್ಲ ಒಳಗಿನಿಂದ ಮಂಜು. ಎಸಿ ಹಾಕಿದರೆ ಹೋಗುತ್ತದೆ, ಆರಿಸಿದರೆ ಮತ್ತೆ ಬರುತ್ತದೆ. ಜೊತೆಗೆ ಮುಗ್ಗಲು ವಾಸನೆ ಬೇರೆ. ನಮ್ಮ ಮನೆಯವರಂತೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಲು ಸೀಟಿನ ಮೇಲೆ ಮಡಚಿ ಕೂರುತ್ತಾರೆ.

ನಾನು ಗಮನಿಸಿದ್ದು ಇಷ್ಟು. ರಾತ್ರಿಯೆಲ್ಲ ನಿಲ್ಲಿಸಿಟ್ಟಾಗಲೂ ನೀರು ಬರುತ್ತದೆ, ಓಡಿಸಲೇಬೇಕು ಅಂತಿಲ್ಲ. ಜಿಟಿಜಿಟಿ ಮಳೆಗೆ ಏನೂ ಇಲ್ಲ, ಜೋರು ಮಳೆಗೆ ಮಾತ್ರ. ನೀರು ತಿಳಿಯಾಗಿದೆ, ಅಂಟಿಲ್ಲ. ನಮ್ಮ ಅಂಗಳ ಇಳಿಜಾರು. ಮೂತಿ ಮೇಲೆ ಮಾಡಿ ನಿಲ್ಲಿಸಿದ ದಿನ ಹಿಂದಿನ ಎಡಗಡೆ ಕಾಲಡಿಯೂ ಒದ್ದೆ. ಬಲಗಡೆ ಪೂರ್ತಿ ಒಣಗಿದೆ. ಕಾರು ತಂದ ಮೇಲೆ ಫಾಗ್ ಲ್ಯಾಂಪ್ ಮತ್ತು ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್ ಹಾಕಿಸಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಸುಮ್ನೆ ಹೇಳಿದೆ.

ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. "ಇದು ಎಸಿ ನೀರು ಸರ್" ಅಂದರು. ಎಸಿ ಡ್ರೈನ್ ಪೈಪ್ ಕ್ಲೀನ್ ಮಾಡಿ ಬಿಲ್ ಕೊಟ್ಟರು. ಮುಂದಿನ ಮಳೆಗೆ ಯಥಾಪ್ರಕಾರ. ಇನ್ನೊಬ್ಬರು ಮುಂದಿನ ಗ್ಲಾಸಿನ ಸುತ್ತ ಸಿಲಿಕಾನ್ ಹೊಡೆಯೋಣ ಅನ್ನುತ್ತಿದ್ದಾರೆ. ಹೊಡೆಸಲಾ? ಅದಕ್ಕೆ ಮೊದಲು ನಾನೇ ಏನಾದರೂ ಪರೀಕ್ಷೆ ಮಾಡಬಹುದಾ?

ಜಯನಗರದಿಂದ

ಮೇಷ್ಟ್ರೇ, ಹೆದರಿಸಬೇಕು ಅಂತಲ್ಲ, ಬೆಂಗಳೂರಿನ ಗಾಡಿ ಅಂದಿರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನೀರಿನಲ್ಲಿ ಮುಳುಗಿದ ಗಾಡಿ ಅಲ್ಲ ತಾನೇ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟಿನಲ್ಲಿ ನಿಂತಲ್ಲೇ ಕಾರುಗಳು ಮುಳುಗಿದ್ದವು. ಅಂಥವನ್ನು ತೊಳೆದು ಒಣಗಿಸಿ ಬೇರೆ ಊರಿನವರಿಗೆ ಮಾರುವವರು ಇದ್ದೇ ಇರುತ್ತಾರೆ.

ಸಿಲಿಕಾನ್ ವಿಷಯಕ್ಕೆ ಬಂದರೆ, ಹೊಡೆಸಿ ನೋಡಿ. ಟ್ಯೂಬಿಗೆ ಎಷ್ಟು ಮಹಾ ಆಗುತ್ತದೆ. ನಿಂತರೆ ನಿಂತಿತು.

ಟಿಂಕರಿಂಗ್ ಪುತ್ತೂರು

ಮೇಷ್ಟ್ರೇ, ದಯವಿಟ್ಟು ಸಿಲಿಕಾನ್ ಬೇಡ. ನಾನು ಟಿಂಕರಿಂಗ್ ಶೆಡ್ ಇಟ್ಟುಕೊಂಡವನು. ಮಳೆಗಾಲ ಬಂದರೆ ನನ್ನ ಅರ್ಧ ಕೆಲಸ ಇದೇ, ಅದರಲ್ಲೂ ಬೇರೆಯವರು ಹೊಡೆದ ಸಿಲಿಕಾನ್ ಕೆರೆಯುವುದು. ಕಿಟಕಿ, ಸಿಂಕ್‌ಗೆ ಹಾಕುವ ಆ ಅಗ್ಗದ ಟ್ಯೂಬ್ ಉಂಟಲ್ಲ, ಹಚ್ಚುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಆಸಿಡ್. ಬಣ್ಣ ಎದ್ದ ತಗಡಿಗೆ ತಾಗಿದರೆ ಅಲ್ಲೇ ತುಕ್ಕು. ಆಮೇಲೆ ಸರಿಯಾದ ಸೀಲಂಟ್ ಹಾಕುವಾ ಅಂದರೆ ಆ ಸಿಲಿಕಾನ್ ಎಣ್ಣೆ ಅಂಶದ ಮೇಲೆ ಏನೂ ಹಿಡಿಯುವುದಿಲ್ಲ, ಪೇಂಟ್ ಕೂಡ. ತೂತು ಎಲ್ಲಿ ಅಂತಲೇ ಗೊತ್ತಿಲ್ಲದೆ ಮುಚ್ಚುವುದು ಯಾವ ಕೆಲಸ ಮಾರಾಯ್ರೇ?

ನೀರು ಕಂಡ ಜಾಗದಲ್ಲೇ ನೀರು ನುಗ್ಗಿರಬೇಕು ಅಂತ ಇಲ್ಲ. ಕಾರಿನ ನೆಲಕ್ಕೆ ಅಲ್ಲಲ್ಲಿ ಅಡ್ಡಪಟ್ಟಿ, ತಗ್ಗು, ವೈರ್ ಹೋಗುವ ಓಣಿ ಎಲ್ಲ ಇರುತ್ತದೆ. ಮೇಲಿನಿಂದ ಬಂದ ನೀರು ಕಾರ್ಪೆಟ್ಟಿನ ಅಡಿಯಲ್ಲಿ ಹರಿದು ಎಲ್ಲಿ ತಗ್ಗೋ ಅಲ್ಲಿ ನಿಲ್ಲುತ್ತದೆ. ಮೂತಿ ಮೇಲೆ ಮಾಡಿದಾಗ ಹಿಂದೆ ಒದ್ದೆ ಆಗುವುದು ಮುಂದಿನ ನೀರೇ ಇರಬಹುದು, ಬೇರೆ ನೀರೂ ಇರಬಹುದು. ಅದು ಆಮೇಲೆ.

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಉಂಟು. ಎಸಿ ನೀರು ಅಲ್ಲ. ಎಸಿ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ಪಸೆ ನೀರಾಗಿ, ಸಣ್ಣ ಪೈಪಿನಲ್ಲಿ ಕಾರಿನ ಅಡಿಗೆ ಬೀಳಬೇಕು. ಪೈಪ್ ಕಟ್ಟಿದರೆ ಅದು ಎಡಗಡೆ ಕಾಲಡಿಗೆ ಬರುತ್ತದೆ, ಸರಿ. ಆದರೆ ಎಸಿ ಓಡಿದರೆ ಮಾತ್ರ. ನಿಮ್ಮದು ರಾತ್ರಿ ನಿಲ್ಲಿಸಿಟ್ಟಾಗಲೂ ಬರುತ್ತದೆ, ಅದೂ ಮಳೆ ಬಂದರೆ ಮಾತ್ರ. ಆ ವರ್ಕ್‌ಶಾಪಿನವರು ನಿಮ್ಮ ಮಾತು ಪೂರ್ತಿ ಕೇಳಿಲ್ಲ. ಹೀಟರ್ ಕೋರ್, ಅಂದರೆ ಒಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್, ಸೋರಿದರೆ ಬರುವುದು ಕೂಲಂಟ್, ಇಂಜಿನ್ ತಣ್ಣಗಿಡುವ ದ್ರವ. ಅದು ಬೆರಳಿಗೆ ಜಾರುತ್ತದೆ, ಸಿಹಿ ಸಿಹಿ ವಾಸನೆ, ಹಸಿರೋ ಗುಲಾಬಿಯೋ ಬಣ್ಣ. ಅದೂ ಅಲ್ಲ. ಓಡಿಸುವಾಗ ಮಾತ್ರ ಒದ್ದೆ ಆಗುತ್ತಿದ್ದರೆ ಚಕ್ರ ಎರಚುವ ನೀರಿನ ಮೇಲೆ ಸಂಶಯ ಪಡುತ್ತಿದ್ದೆ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಳಗಿನ ಪ್ಲಾಸ್ಟಿಕ್ ಕಿತ್ತುಹೋಗಿರುವುದು, ನೆಲದ ರಬ್ಬರ್ ಬುಚ್ ಬಿದ್ದಿರುವುದು, ಇಂಥದ್ದು. ಅದೂ ಬೇಡ.

ಹಾಗಾದರೆ ಮೇಲಿನಿಂದ ಬೀಳುವ ನೀರು. ನನ್ನ ಮೊದಲ ಸಂಶಯ ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ. ಅದರಡಿಯಲ್ಲಿ ಒಂದು ತಗಡಿನ ದೋಣಿ ಉಂಟು. ಮುಂದಿನ ಗ್ಲಾಸಿನ ಮೇಲೆ ಬಿದ್ದ ನೀರೆಲ್ಲ ಆ ದೋಣಿಗೇ ಇಳಿದು, ಎರಡೂ ತುದಿಯ ತೂತಿನಿಂದ ಫೆಂಡರ್ ಹಿಂದೆ ಕೆಳಗೆ ಹೋಗಬೇಕು. ಅದೇ ದೋಣಿಯಲ್ಲಿ ಬ್ಲೋವರ್‌ಗೆ (ಎಸಿ ಫ್ಯಾನ್) ಹೊರಗಿನ ಗಾಳಿ ಎಳೆಯುವ ಬಾಯಿಯೂ ಇರುತ್ತದೆ, ಸುತ್ತ ಸಣ್ಣ ಕಟ್ಟೆ ಕಟ್ಟಿರುತ್ತಾರೆ. ಎಲೆ ಕೊಳೆತು ತುದಿಯ ತೂತು ಕಟ್ಟಿದರೆ ದೋಣಿ ತುಂಬುತ್ತದೆ. ಕಟ್ಟೆ ದಾಟಿದ ನೀರು ನೇರ ಬ್ಲೋವರ್ ಒಳಗೆ, ಅಲ್ಲಿಂದ ಎಡಗಡೆ ಕಾಲಡಿಗೆ. ಜಿಟಿಜಿಟಿ ಮಳೆಗೆ ಬರುವುದಿಲ್ಲ, ಜೋರು ಮಳೆಗೆ ಮಾತ್ರ ಅಂದಿರಲ್ಲ, ಅದಕ್ಕೇ ಹೇಳಿದೆ. ತೂತು ಪೂರ್ತಿ ಕಟ್ಟಿಲ್ಲ, ಅರ್ಧ ಕಟ್ಟಿದೆ. ಗ್ಲೋವ್ ಬಾಕ್ಸ್ ತೆಗೆದು ಎಸಿ ಫಿಲ್ಟರ್ ಎಳೆದು ನೋಡಿ. ಅದು ಒದ್ದೆಯಾಗಿದ್ದು ಎಲೆ ಚೂರು ಅಂಟಿದ್ದರೆ ಮುಗಿಯಿತು, ಅರ್ಧ ಕಳ್ಳ ಸಿಕ್ಕಿಬಿದ್ದ. ಎಡಕ್ಕೆ ಬಲಕ್ಕೆ ತಿರುಗಿಸುವಾಗ ಡ್ಯಾಶ್‌ಬೋರ್ಡ್ ಒಳಗೆ ನೀರು ಕುಲುಕಿದ ಶಬ್ದ ಬರುತ್ತದಾ, ಅದನ್ನೂ ಕೇಳಿಸಿಕೊಳ್ಳಿ.

ಎರಡನೇ ಸಂಶಯ ನಿಮ್ಮ ಫಾಗ್ ಲ್ಯಾಂಪ್. ಇಂಜಿನ್ ಕಡೆಯಿಂದ ವೈರ್ ಒಳಗೆ ತರಲು ತಗಡಿನ ತೂತಿಗೆ ದೊಡ್ಡ ರಬ್ಬರ್ ಗ್ರಾಮೆಟ್ ಇರುತ್ತದೆ. ಅಂಗಡಿಯವರು ಅವಸರದಲ್ಲಿ ಅದಕ್ಕೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ವೈರ್ ತೂರಿಸುತ್ತಾರೆ. ಮೇಲಿನಿಂದ ಇಳಿಜಾರಾಗಿ ಬಂದ ವೈರ್ ಮೈಮೇಲೆ ನೀರು ಹರಿದುಕೊಂಡೇ ಒಳಗೆ ಬರುತ್ತದೆ.

ಮೂರನೆಯದು ಸ್ಪೀಕರ್. ಇದನ್ನು ಯಾರೂ ನಂಬುವುದಿಲ್ಲ. ಬಾಗಿಲಿನ ಒಳಗೆ ನೀರು ಬರುವುದು ಸಹಜ. ಗ್ಲಾಸ್ ಇಳಿಯುವ ಸಂದಿಯಿಂದ ಪ್ರತಿ ಮಳೆಗೂ ನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಬಾಗಿಲಿನ ಅಡಿಯ ತೂತಿನಿಂದ ಹೊರಗೆ ಹೋಗುತ್ತದೆ. ಕಂಪನಿಯವರೇ ಹಾಗೆ ಮಾಡಿರುವುದು. ಆ ನೀರು ಒಳಕ್ಕೆ ಬರದ ಹಾಗೆ ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವವರು ಅದನ್ನು ಹರಿದು, ವಾಪಸ್ ಅಂಟಿಸದೆ ಪ್ಯಾಡ್ ಮುಚ್ಚಿದರೆ ನೀರು ಹಾಳೆಯ ಈಚೆಗೆ ಇಳಿದು ಕಾರ್ಪೆಟ್ ಸೇರುತ್ತದೆ. ನಿಮ್ಮ ಹಿಂದಿನ ಎಡಗಡೆ ಒದ್ದೆಗೆ ಇದೂ ಕಾರಣ ಇರಬಹುದು. ಬಾಗಿಲು ತೆಗೆದು ಹಾಕುವಾಗ ಒಳಗೆ ಚುಳುಚುಳು ಅಂದರೆ ಅಡಿಯ ತೂತೂ ಕಟ್ಟಿದೆ ಅಂತ ಲೆಕ್ಕ. ಒಂದು ಕಡ್ಡಿ ಸಾಕು.

ಗ್ಲಾಸ್ ಯಾವಾಗಲಾದರೂ ಬದಲಾಗಿದೆಯಾ ಅಂತಲೂ ನೋಡಿ. ಹಳೆಯ ಓನರ್ ಹಾಕಿಸಿರಬಹುದು. ಬೇರೆ ಗ್ಲಾಸುಗಳ ಮೂಲೆಯ ಮಾರ್ಕಿಗೂ ಇದಕ್ಕೂ ವರ್ಷ, ಕಂಪನಿ ಬೇರೆ ಇದ್ದರೆ ಸಂಶಯ ಪಡಿ. ಅಂಟು ಸರಿಯಾಗಿ ಕೂರದಿದ್ದರೆ ನೀರು ಪಕ್ಕದ ಕಂಬದ ಒಳಗೆ ಇಳಿದು ಕಾಲ ಹತ್ತಿರ ಬರುತ್ತದೆ. ಅದಕ್ಕೂ ಸಿಲಿಕಾನ್ ಅಲ್ಲ, ಗ್ಲಾಸ್ ತೆಗೆದು ಪಿಯು (ಪಾಲಿಯುರೆಥೇನ್) ಸೀಲಂಟಿನಲ್ಲಿ ಮತ್ತೆ ಕೂರಿಸಬೇಕು.

ಈಗ ಪರೀಕ್ಷೆ. ಮಳೆಯಲ್ಲಿ ನೋಡಬೇಡಿ. ಮಳೆ ಒಟ್ಟಿಗೇ ಎಲ್ಲ ಕಡೆ ಬೀಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಶೆಡ್ಡಿನಡಿ ನಿಲ್ಲಿಸಿ, ಇಲ್ಲದಿದ್ದರೆ ಮಳೆ ಬಿಟ್ಟ ಹೊತ್ತು ನೋಡಿ. ಮ್ಯಾಟ್ ತೆಗೆಯಿರಿ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಮೇಲಕ್ಕೆ ಎಳೆದರೆ ಕ್ಲಿಪ್ ಬಿಡುತ್ತದೆ. ಕಾರ್ಪೆಟ್ ಎತ್ತಿ ಒಂದು ಮರದ ತುಂಡು ಇಡಿ. ಕೆಳಗಿನ ತಗಡು, ಬದಿಯ ಕಂಬ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ನೀರು ಹರಿದ ಕಡೆ ಪೌಡರ್ ಮೇಲೆ ಗೆರೆ ಬೀಳುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಬೇಕು.

ಒಬ್ಬರು ಒಳಗೆ, ಟಾರ್ಚ್ ಹಿಡಿದು, ತಲೆ ಡ್ಯಾಶ್‌ಬೋರ್ಡ್ ಅಡಿಗೆ. ಹೊರಗಿನವರು ಸಾದಾ ತೋಟದ ಪೈಪ್, ಮೂತಿ ಇಲ್ಲದ್ದು, ನೀರು ಸುಮ್ನೆ ಹರಿಯುವಷ್ಟು. ಪ್ರೆಶರ್ ವಾಷರ್ ಬೇಡವೇ ಬೇಡ. ಅದು ಮಳೆ ಹೋಗದ ಕಡೆಗೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಶುರು ಮಾಡಿ. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಫೆಂಡರ್, ಆಮೇಲೆ ವೈಪರ್ ಜಾಲರಿ, ಆಮೇಲೆ ಬಾಗಿಲಿನ ಗ್ಲಾಸ್, ಮುಂದಿನ ಗ್ಲಾಸ್, ಕೊನೆಗೆ ಟಾಪ್. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆ ಆಗಿ ಮತ್ತೆ ಮೊದಲಿಗೇ ಬರುತ್ತೀರಿ. ಒಂದೊಂದು ಜಾಗದಲ್ಲೂ ಐದಾರು ನಿಮಿಷ ಬಿಡಿ. ಈ ಕೆಲಸದಲ್ಲಿ ಎಲ್ಲರೂ ಸೋಲುವುದು ಇಲ್ಲೇ. ದೋಣಿ ತುಂಬಲು, ಫೋಮ್ ಒದ್ದೆಯಾಗಲು ಹೊತ್ತು ಬೇಕು. ಜೊತೆಗೆ ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ. ಹತ್ತು ವರ್ಷ ದಾಟಿದ ಗಾಡಿಗೆ ಒಂದೇ ತೂತು ಇರುವುದು ಅಪರೂಪ.

ಜಯನಗರದವರು ಹೇಳಿದ್ದೂ ನೋಡಿಬಿಡಿ, ಹೇಗೂ ಕಾರ್ಪೆಟ್ ಎತ್ತುತ್ತೀರಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಂಟಾ? ಕಾರ್ಪೆಟ್ ಅಡಿಯ ಮೂಲೆಗಳಲ್ಲಿ ನಯವಾದ ಮಣ್ಣು ಕೂತಿದೆಯಾ? ಸೀಟಿನ ಅಡಿಯ ಸ್ಪ್ರಿಂಗ್ ಎಲ್ಲ ಒಂದೇ ಸಮ ತುಕ್ಕು ಹಿಡಿದಿದೆಯಾ? ಇದ್ದರೆ ಮುಳುಗಿದ ಗಾಡಿ. ಮಳೆ ಸೋರಿದ ಗಾಡಿಯಲ್ಲಿ ಒಂದೇ ಮೂಲೆಯಲ್ಲಿ ತುಕ್ಕು ಇರುತ್ತದೆ, ಮಣ್ಣು ಇರುವುದಿಲ್ಲ.

ವೈರಿಂಗ್ ಹಾಸನ

ಟಿಂಕರಿಂಗ್ ಅಣ್ಣ ಎಲ್ಲ ಹೇಳಿದ್ದಾರೆ, ನಾನು ಕರೆಂಟಿನ ಕಡೆ ಎರಡು ಮಾತು ಸೇರಿಸುತ್ತೇನೆ. ಕಾರ್ಪೆಟ್ ತೆಗೆಯಲು ಸೀಟ್ ಬಿಚ್ಚಬೇಕಾದರೆ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆದು, ಹತ್ತು ನಿಮಿಷ ಬಿಡಿ. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಇಲ್ಲವೇ ಬೆಲ್ಟ್ ಬಿಗಿ ಮಾಡುವ ಸಾಧನದ್ದು. ಅದನ್ನು ಬಿಚ್ಚಿಟ್ಟು ಕೀ ಆನ್ ಮಾಡಬೇಡಿ. ಏರ್‌ಬ್ಯಾಗ್ ಲೈಟ್ ಹತ್ತಿಕೊಂಡು ಕೂರುತ್ತದೆ, ಆಮೇಲೆ ಸ್ಕ್ಯಾನರ್ ಹಾಕಿ ತೆಗೆಯಬೇಕು.

ಎಡಗಡೆ ಕಾಲ ಪಕ್ಕದ ಪ್ಯಾನೆಲ್ ತೆಗೆದು ಅಲ್ಲಿನ ಕನೆಕ್ಟರ್‌ಗಳನ್ನು ನೋಡಿ. ಪಿನ್ ಮೇಲೆ ಹಸಿರು ಪುಡಿ ಕಂಡರೆ ತಾಮ್ರ ತಿನ್ನಲು ಶುರುವಾಗಿದೆ ಅಂತ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ. ಸೆಂಟ್ರಲ್ ಲಾಕ್ ತಾನಾಗಿ ಬೀಳುವುದು, ಒಳಗಿನ ಲೈಟ್ ಸುಮ್ಮಸುಮ್ಮನೆ ಹತ್ತುವುದು, ಕೀ ತೆಗೆದ ಮೇಲೂ ಬ್ಯಾಟರಿ ಇಳಿಯುವುದು, ಹೀಗೆಲ್ಲ ಆದರೆ ನೀರು ವೈರಿಗೆ ತಲುಪಿದೆ. ಜನ ಬ್ಯಾಟರಿ ಬದಲಾಯಿಸುತ್ತಾರೆ, ಕಾರ್ಪೆಟ್ ಎತ್ತಿ ನೋಡುವುದಿಲ್ಲ.

ಇನ್ನು ಇನ್ಶೂರೆನ್ಸ್ ಕೇಳಬೇಡಿ. ರಬ್ಬರ್ ಹಳತಾಗಿ, ಎಲೆ ಕಟ್ಟಿ ಸೋರಿದ್ದು ಸವಕಳಿ ಲೆಕ್ಕಕ್ಕೆ ಹೋಗುತ್ತದೆ. ಪಾಲಿಸಿಯಲ್ಲಿ ಅದು ಬರುವುದಿಲ್ಲ.

ಜಯನಗರದಿಂದ

ಸಿಲಿಕಾನ್ ಮಾತು ವಾಪಸ್ ತಗೊಂಡೆ ಸ್ವಾಮಿ. ನನ್ನದೂ ಒಂದು ಪ್ರಶ್ನೆ. ನನ್ನ ಗಾಡಿಗೆ ಸನ್‌ರೂಫ್ ಇದೆ. ನಿನ್ನೆ ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದರೆ ಮೇಲಿನ ಲೈಟಿನ ಹತ್ತಿರದಿಂದ ಒಂದು ಲೋಟದಷ್ಟು ನೀರು ತೊಡೆಯ ಮೇಲೆ ಬಿತ್ತು. ರಬ್ಬರ್ ಹೋಗಿದೆಯಾ?

ಟಿಂಕರಿಂಗ್ ಪುತ್ತೂರು

ರಬ್ಬರ್ ಚೆನ್ನಾಗಿದ್ದರೂ ಸನ್‌ರೂಫಿನಲ್ಲಿ ನೀರು ಇಳಿಯುತ್ತದೆ, ಅದಕ್ಕೇ ಸುತ್ತ ಒಂದು ಕಾಲುವೆ ಇಟ್ಟಿರುವುದು. ಸಾಮಾನ್ಯವಾಗಿ ನಾಲ್ಕು ಮೂಲೆಗೂ ಒಂದೊಂದು ಸಣ್ಣ ಪೈಪ್ ಇರುತ್ತದೆ, ಕಂಬದ ಒಳಗೆ ಇಳಿದು ಹೊರಗೆ ಹೋಗುತ್ತದೆ. ನಿಮ್ಮದು ಮುಂದಿನ ಎರಡರಲ್ಲಿ ಒಂದು ಕಟ್ಟಿದೆ. ಸನ್‌ರೂಫ್ ತೆಗೆದು ಮೂಲೆಯ ತೂತಿಗೆ ಒಂದು ಸಣ್ಣ ಲೋಟ ನೀರು ನಿಧಾನ ಬಿಡಿ. ಚಕ್ರದ ಹಿಂದೆ ನೀರು ಬೀಳಬೇಕು. ಬೀಳದಿದ್ದರೆ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತಗೊಂಡು, ತುದಿ ಉಜ್ಜಿ ಉರುಟು ಮಾಡಿ, ಮೆಲ್ಲ ತೂರಿಸಿ. ಪಂಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಒಳಗೆ ಜಾಯಿಂಟಿನಲ್ಲಿ ಪೈಪ್ ಕಳಚಿಕೊಂಡರೆ ಮೇಲಿನ ಬಟ್ಟೆ ಪೂರ್ತಿ ಇಳಿಸಬೇಕು. ಕಬ್ಬಿಣದ ತಂತಿಯೂ ಬೇಡ, ಪೈಪ್ ತೂತಾಗುತ್ತದೆ.

ಕೊಪ್ಪದ ಮೇಷ್ಟ್ರು

ಅಣ್ಣಾ, ಭಾನುವಾರ ಇಡೀ ಇದೇ ಕೆಲಸ ಆಯಿತು. ನನ್ನ ಮಗ ಒಂಬತ್ತನೇ ಕ್ಲಾಸು. ಅವನನ್ನು ಟಾರ್ಚ್ ಕೊಟ್ಟು ಡ್ಯಾಶ್‌ಬೋರ್ಡ್ ಅಡಿಗೆ ಮಲಗಿಸಿದೆ. ನಾನು ಪೈಪ್ ಹಿಡಿದೆ. ನೀವು ಹೇಳಿದ ಹಾಗೆ ಕೆಳಗಿನಿಂದ ಶುರು. ಬಾಗಿಲಿನ ಕೆಳಭಾಗ, ಫೆಂಡರ್, ಏನೂ ಇಲ್ಲ. ಹುಡುಗ "ಅಪ್ಪ, ನಾನು ನಿದ್ದೆ ಮಾಡ್ತೀನಿ" ಅನ್ನುತ್ತಿದ್ದ.

ವೈಪರ್ ಜಾಲರಿಗೆ ಬಿಟ್ಟಾಗ ಮೊದಲು ಏನೂ ಆಗಲಿಲ್ಲ. ನಿಲ್ಲಿಸಬೇಕು ಅಂದುಕೊಂಡೆ, ಐದಾರು ನಿಮಿಷ ಅಂದಿದ್ದು ನೆನಪಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು. ಬ್ಲೋವರ್ ಡಬ್ಬದ ಅಡಿಯ ಜಾಯಿಂಟಿನಿಂದ ನೀರು, ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಧಾರೆಯಾಗಿ, ಅವನ ಕಿವಿಗೇ. ಎಸಿ ಫಿಲ್ಟರ್ ಎಳೆದರೆ ಕಪ್ಪಗೆ ಒದ್ದೆಯಾಗಿ ಜೋತು ಬಿತ್ತು.

ವೈಪರ್ ಕೈ ಬಿಚ್ಚಿ ಜಾಲರಿ ತೆಗೆದೆವು. ಎಡ ಮೂಲೆಯಲ್ಲಿ ಗೊಬ್ಬರ, ಅಕ್ಷರಶಃ ಗೊಬ್ಬರ, ಅದರಲ್ಲಿ ಎರೆಹುಳ ಬೇರೆ. ಮೇಲಿನ ಪದರದಲ್ಲಿ ಗುಲ್‌ಮೊಹರ್ ಮರದ ಸಣ್ಣ ಸಣ್ಣ ಎಲೆ. ನಮ್ಮ ಮನೆ ಹತ್ತಿರ ಆ ಮರವೇ ಇಲ್ಲ, ಹಲಸು ಮತ್ತು ಸಿಲ್ವರ್ ಓಕ್. ಅಂದರೆ ಅಷ್ಟೂ ಬೆಂಗಳೂರಿನಿಂದಲೇ ಬಂದ ಸರಕು. ತೂತಿನ ತುದಿಯಲ್ಲಿ ಒಂದು ರಬ್ಬರ್ ಮೂತಿ ಇತ್ತು, ಅದರ ತುಟಿ ಮುಚ್ಚಿಕೊಂಡು ಮಣ್ಣು ಗಟ್ಟಿಯಾಗಿತ್ತು. ಕೈಯಲ್ಲಿ ಹಿಸುಕಿ ತೊಳೆದೆ. ಈಗ ಮೇಲೆ ಬಕೆಟ್ ನೀರು ಸುರಿದರೆ ಚಕ್ರದ ಹಿಂದೆ ಗಳಗಳ ಇಳಿಯುತ್ತದೆ.

ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ ಅಂದಿರಲ್ಲ. ಫಾಗ್ ಲ್ಯಾಂಪ್ ವೈರ್ ನೋಡಿದೆ. ನೀವು ಕಣ್ಣಾರೆ ಕಂಡವರ ಹಾಗೆ ಹೇಳಿದ್ದೀರಿ. ಗ್ರಾಮೆಟ್ ಪಕ್ಕದಲ್ಲಿ ಸೀಳು, ಅದರಲ್ಲಿ ಕೆಂಪು ಕಪ್ಪು ಎರಡು ವೈರ್, ಮೈಮೇಲೆ ನೀರಿನ ಮಣಿ ಸಾಲು. ಹಿಂದಿನ ಎಡ ಬಾಗಿಲಿನ ಡೋರ್ ಪ್ಯಾಡ್ ಬಿಚ್ಚಿದರೆ ಪ್ಲಾಸ್ಟಿಕ್ ಹಾಳೆ ಸ್ಪೀಕರ್ ಸುತ್ತ ಹರಿದು ಕೆಳಗೆ ಮುದುಡಿ ಬಿದ್ದಿತ್ತು. ಹೊಸ್ತಿಲಿನ ಪೌಡರ್ ಮೇಲೆ ಎರಡು ಗೆರೆ ಸ್ಪಷ್ಟ. ಬೆಲ್ಟಿನಲ್ಲಿ ಕೆಸರಿಲ್ಲ, ಮಣ್ಣೂ ಇಲ್ಲ, ಅದೊಂದು ಸಮಾಧಾನ.

ಈಗ ಎರಡು ಪ್ರಶ್ನೆ. ವೈರ್ ಮತ್ತು ಹಾಳೆಗೆ ಏನು ಹಚ್ಚಲಿ? ಕಾರ್ಪೆಟ್ ಒಣಗಿಸುವುದು ಹೇಗೆ? ಇಲ್ಲಿ ಸೂರ್ಯ ಮುಖ ತೋರಿಸಿ ದಿನಗಳೇ ಆದವು. ಮುಂದೆ ಪುನರ್ವಸು, ಪುಷ್ಯ ಇನ್ನೂ ಬಾಕಿ ಇದೆ.

ಟಿಂಕರಿಂಗ್ ಪುತ್ತೂರು

ಎರೆಹುಳ ಸಿಕ್ಕಿದ್ದು ಒಳ್ಳೆಯ ಗೊಬ್ಬರ, ತೋಟಕ್ಕೆ ಹಾಕಿ. ಮಗನಿಗೆ ಒಂದು ಮಸಾಲೆ ದೋಸೆ ಕೊಡಿಸಿ, ಕೆಲಸ ಮಾಡಿದ್ದು ಅವನೇ.

ಬಾಗಿಲಿನ ಹಾಳೆಗೆ ಬ್ಯುಟೈಲ್ ಟೇಪ್. ಕಪ್ಪಗೆ, ಹಗ್ಗದ ಹಾಗೆ ಸುರುಳಿಯಲ್ಲಿ ಬರುತ್ತದೆ, ಎಷ್ಟು ವರ್ಷ ಆದರೂ ಒಣಗುವುದಿಲ್ಲ. ಗ್ಲಾಸ್ ಕೆಲಸದವರ ಹತ್ತಿರ ಸಿಗುತ್ತದೆ. ಹಳೆಯ ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಶೀಟ್ ತಂದು ಹಳೆಯದನ್ನೇ ಮಾದರಿ ಇಟ್ಟು ಕತ್ತರಿಸಿ. ಡೋರ್ ತಗಡನ್ನು ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿದ ಮೇಲೆ ಅಂಟಿಸಿ. ಹಾಳೆಯ ಕೆಳಗಿನ ಅಂಚು ಬಾಗಿಲಿನ ಹೊಟ್ಟೆಯ ಒಳಕ್ಕೆ ಹೋಗಬೇಕು. ಆಗ ಹಾಳೆ ಮೇಲೆ ಇಳಿದ ನೀರು ಬಾಗಿಲೊಳಗೇ ಬೀಳುತ್ತದೆ. ಅಂಚು ಈಚೆ ಬಿಟ್ಟರೆ ಅಂಟಿಸಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಉಳಿದ ಮೂರು ಬಾಗಿಲನ್ನೂ ಬಿಚ್ಚಿ ನೋಡಿ. ಸ್ಪೀಕರ್ ಹಾಕಿದ ಕೈ ಒಂದೇ ತಾನೇ.

ಫಾಗ್ ಲ್ಯಾಂಪ್ ವೈರ್ ಅಲ್ಲಿಂದ ಕಿತ್ತುಬಿಡಿ. ಗ್ರಾಮೆಟ್ ಬದಿಯಲ್ಲಿ ತುದಿ ಮುಚ್ಚಿದ ಸಣ್ಣ ರಬ್ಬರ್ ಮೂತಿ ಇದ್ದರೆ, ಸಾಮಾನ್ಯವಾಗಿ ಇರುತ್ತದೆ, ಅದರ ತುದಿ ಮಾತ್ರ ಕತ್ತರಿಸಿ ಅದರಲ್ಲಿ ತೂರಿಸಿ ಟೇಪ್ ಸುತ್ತಿ. ಹಳೆಯ ಸೀಳಿಗೆ ಬ್ಯುಟೈಲ್ ಒತ್ತಿ. ಗ್ರಾಮೆಟ್ಟಿಗೆ ಬರುವ ಮೊದಲು ವೈರ್ ಒಂದು ಗೇಣು ಕೆಳಗೆ ಜೋತು ಬಿದ್ದು, ಅಲ್ಲಿಂದ ಮೇಲೆ ಹತ್ತಿ ತೂತಿಗೆ ಹೋಗಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಮೇಲೆ ಹತ್ತುವುದಿಲ್ಲ.

ಒಣಗಿಸುವ ವಿಷಯ. ಇದನ್ನು ಅರ್ಧಂಬರ್ಧ ಮಾಡಿದವರೇ ಜಾಸ್ತಿ. ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿದೆ ಅನಿಸುತ್ತದೆ, ಅಡಿಯ ಫೋಮಿನಲ್ಲಿ ಲೀಟರ್‌ಗಟ್ಟಲೆ ನೀರು ನಿಂತಿರುತ್ತದೆ. ಬಾಗಿಲು ತೆಗೆದಿಟ್ಟರೆ, ನ್ಯೂಸ್‌ಪೇಪರ್ ಹಾಸಿದರೆ ಅದು ಹೋಗುವುದಿಲ್ಲ. ತೂತು ಮುಚ್ಚಿದ ಮೇಲೂ ಗ್ಲಾಸಿಗೆ ಮಂಜು ಬಂದರೆ ಕಾರಣ ಅದೇ. ಸೀಟ್ ಬಿಚ್ಚಿ ಕಾರ್ಪೆಟ್ ಪೂರ್ತಿ ಹೊರಗೆ ತೆಗೆಯಿರಿ, ಒಂದು ಸೀಟಿಗೆ ನಾಲ್ಕು ಬೋಲ್ಟು ಅಷ್ಟೇ. ಹಾಸನದವರು ಹೇಳಿದ ಹಳದಿ ಕನೆಕ್ಟರ್ ಮರೆಯಬೇಡಿ. ಫೋಮ್ ಹಿಂಡಬೇಡಿ, ಹರಿಯುತ್ತದೆ. ಇಳಿಜಾರಿನಲ್ಲಿ ಹಾಸಿ, ಮೇಲೆ ಹಲಗೆ ಇಟ್ಟು ಅದರ ಮೇಲೆ ನಿಂತು ಒತ್ತಿ, ನೀರು ತಾನಾಗಿ ಇಳಿಯುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು.

ಬಿಸಿಲು ಇಲ್ಲ ಅಂದಿರಿ. ನಿಮ್ಮ ಕಡೆ ಬಚ್ಚಲು ಒಲೆ ದಿನವಿಡೀ ಉರಿಯುತ್ತದಲ್ಲ, ಅದರ ಮೇಲೆ ಬಟ್ಟೆ ಒಣಗಿಸುವ ಹಗ್ಗ ಇದ್ದೇ ಇರುತ್ತದೆ. ಅಲ್ಲಿ ಎತ್ತರಕ್ಕೆ ತೂಗು ಹಾಕಿ, ಕಿಡಿ ಹಾರದಷ್ಟು ದೂರ. ಫೋಮ್ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ಇಡಲೇಬೇಡಿ. ಹೊಗೆ ವಾಸನೆ ಬರಬಹುದು, ಮುಗ್ಗಲಿಗಿಂತ ವಾಸಿ. ಅಡಿಕೆ ಡ್ರೈಯರ್ ಇರುವ ಮನೆಯವರು ಯಾರಾದರೂ ಗೊತ್ತಿದ್ದರೆ ಕೇಳಿ, ಈಗ ಅದು ಖಾಲಿ ಇರುವ ಸಮಯ. ನಮ್ಮ ಕಡೆ ಒಬ್ಬರು ಹಾಗೆ ಒಣಗಿಸಿದ್ದು ನೋಡಿದ್ದೇನೆ, ಬಿಸಿ ಮಾತ್ರ ಕಡಿಮೆ ಇಡಬೇಕು.

ಕಾರ್ಪೆಟ್ ಹೊರಗಿರುವಾಗಲೇ ನೆಲದ ತಗಡು ನೋಡಿ. ತುಕ್ಕು ಹಿಡಿದ ಕಡೆ ಉಜ್ಜುಕಾಗದ, ಮೇಲೆ ಪ್ರೈಮರ್, ಪೇಂಟ್. ತಗಡಿನ ಜೋಡಣೆಯ ಸೀಲಂಟ್ ಬಿರುಕು ಬಿಟ್ಟಿದ್ದರೆ ಸೀಮ್ ಸೀಲರ್ ಎಳೆಯಿರಿ. ಅದರ ಗೆರೆ ಒಂದು ಬದಿ ನೀಟಾಗಿದ್ದು ಇನ್ನೊಂದು ಬದಿ ಕೈಯಲ್ಲಿ ಬಳಿದ ಹಾಗೆ ಅಂಕುಡೊಂಕು ಇದ್ದರೆ ಅಲ್ಲಿ ಆಕ್ಸಿಡೆಂಟ್ ಕೆಲಸ ಆಗಿದೆ ಅಂತ ತಿಳಿಯಿರಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನಾನು ಬಾನೆಟ್‌ಗಿಂತ ಮೊದಲು ಅದನ್ನೇ ನೋಡುವುದು.

ಎಲ್ಲ ಆದ ಮೇಲೆ ಸೀಟ್ ಮಾತ್ರ ಹಾಕಿ, ಕಾರ್ಪೆಟ್ ಈಗಲೇ ಕೂರಿಸಬೇಡಿ. ಒಂದು ಜೋರು ಮಳೆ ಹೊಡೆಯಲಿ. ಬೆಳಿಗ್ಗೆ ನೆಲ ಒಣಗಿದ್ದರೆ ಕೂರಿಸಿ. ಎಸಿ ಫಿಲ್ಟರ್ ಹೊಸದು ಹಾಕಿ. ಬ್ಲೋವರ್ ಕಿರ್‌ಗುಟ್ಟಿದರೆ ಅದರ ಮೋಟರಿಗೂ ನೀರು ಹೋಗಿದೆ, ತೆಗೆದು ಒಣಗಿಸಬೇಕು.

ಕೊಪ್ಪದ ಮೇಷ್ಟ್ರು

ಬಚ್ಚಲು ಒಲೆಯ ಮೇಲೆ ಏರಿಸಿ ಆಯಿತು. ನಮ್ಮ ಅಮ್ಮ "ಕಾರಿನ ಕಂಬಳಿ ತೆಗೆದ ಮೇಲೇ ನನ್ನ ಸೀರೆ ಒಣಗುವುದು" ಅಂತ ಗೊಣಗುತ್ತಿದ್ದಾರೆ. ಬ್ಯುಟೈಲ್ ಟೇಪ್ ಚಿಕ್ಕಮಗಳೂರಿನಲ್ಲಿ ಸಿಕ್ಕಿತು. ನಿನ್ನೆ ರಾತ್ರಿ ಸರಿಯಾಗಿ ಹೊಡೆಯಿತು. ಬೆಳಿಗ್ಗೆ ಮುಂದೆ ಪೌಡರ್ ಹಾಗೇ ಇತ್ತು, ಒಂದು ಗೆರೆಯೂ ಇಲ್ಲ. ಹಿಂದಿನ ಬಲ ಬಾಗಿಲಿನ ಹಾಳೆಯೂ ಹರಿದಿದೆ, ಅದು ಈ ವಾರ.

ಶಿರಸಿ ಸೀಮೆ

ಓದಿ ಖುಷಿಯಾಯಿತು. ನನ್ನದು ಬೇರೆ ಕಥೆ. ಮುಂದೆಲ್ಲ ಒಣಗಿದೆ, ಡಿಕ್ಕಿಯಲ್ಲಿ ಸ್ಟೆಪ್ನಿ ಟೈರ್ ಇಡುವ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದೆ, ಆದರೂ ನಿಂತಿಲ್ಲ.

ಟಿಂಕರಿಂಗ್ ಪುತ್ತೂರು

ಬೀಡಿಂಗ್ ಮೇಲೆ ಎಲ್ಲರಿಗೂ ಮೊದಲು ಸಂಶಯ, ತಪ್ಪು ಅದರದ್ದು ಇರುವುದು ಕಡಿಮೆ. ಬೀಡಿಂಗ್ ನೋಡಬೇಕಾದರೆ ಒಂದು ಕಾಗದದ ಪಟ್ಟಿ ಇಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ ಇದೆ, ಸಲೀಸಾಗಿ ಜಾರಿದರೆ ಅಲ್ಲಿ ಸಡಿಲ. ನಿಮ್ಮದರಲ್ಲಿ ನಾನು ನೋಡುವುದು ಹಿಂದಿನ ಲೈಟಿನ ಹಿಂದಿರುವ ಫೋಮ್ ಗ್ಯಾಸ್ಕೆಟ್. ಅದು ಒಣಗಿ ಚಪ್ಪಟೆಯಾದರೆ ನೀರು ಬದಿಯ ಗೋಡೆಯಲ್ಲಿ ಇಳಿದು ಗುಂಡಿ ಸೇರುತ್ತದೆ. ಆಮೇಲೆ ಬಂಪರ್ ಮರೆಯಲ್ಲಿ, ಕಾರಿನೊಳಗಿನ ಗಾಳಿ ಹೊರಗೆ ಬಿಡುವ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದರ ಅಂಚು. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ವೈಪರ್‌ಗೆ ನೀರು ಹೋಗುವ ಸಣ್ಣ ಪೈಪ್ ಕಳಚಿದೆಯಾ, ಟಾಪಿನ ಆಂಟೆನಾ ಬುಡ ಸೋರುತ್ತಿದೆಯಾ ಅಂತಲೂ ನೋಡಿ. ವೈಪರ್ ಪೈಪ್ ಆದರೆ ಮಳೆ ಇಲ್ಲದ ದಿನ ಗ್ಲಾಸ್ ತೊಳೆದಾಗಲೂ ನೀರು ನಿಲ್ಲುತ್ತದೆ.

ಮ್ಯಾಟ್, ಸ್ಟೆಪ್ನಿ ಎಲ್ಲ ತೆಗೆದು ಗುಂಡಿಯ ಸುತ್ತ ಪೌಡರ್ ಹಾಕಿ. ಯಾರನ್ನಾದರೂ ಟಾರ್ಚ್ ಕೊಟ್ಟು ಡಿಕ್ಕಿಯೊಳಗೆ ಕೂರಿಸಿ, ದೊಡ್ಡವರನ್ನೇ ಕೂರಿಸಿ. ಹಿಂದಿನ ಸೀಟ್ ಮಡಚಿ, ಬಾಗಿಲಿನ ಗ್ಲಾಸ್ ಇಳಿಸಿಟ್ಟು ಆಮೇಲೆ ಡಿಕ್ಕಿ ಮುಚ್ಚಿ. ಲೈಟಿನ ಕೆಳಗಿನಿಂದ ನೀರು ಬಿಡುತ್ತಾ ಬನ್ನಿ. ಎಡವೋ ಬಲವೋ ಗೊತ್ತಾದ ಮೇಲೆ ಲೈಟ್ ಬಿಚ್ಚಿ ಗ್ಯಾಸ್ಕೆಟ್ ಫೋಟೋ ಇಲ್ಲಿ ಹಾಕಿ.